ಕಡತ ಬೇಗ ಮುಗಿದರೆ ಸಾಕೇ? ವೀಕ್ಷಣಾಲಯದಲ್ಲಿ ಮಕ್ಕಳ ಜೊತೆ ಇರುವವರು ಯಾರು?

‘ಇಂಡಿಯಾ ಜಸ್ಟಿಸ್ ರಿಪೋರ್ಟ್’ ತಂಡ 2025ರ ನವೆಂಬರ್‌ನಲ್ಲಿ ಬಾಲ ನ್ಯಾಯ ವ್ಯವಸ್ಥೆಯ ಕುರಿತ ಅಧ್ಯಯನವೊಂದನ್ನು ಬಿಡುಗಡೆ ಮಾಡಿತು. ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ದೇಶದ 362 ಬಾಲ ನ್ಯಾಯ ಮಂಡಳಿಗಳಲ್ಲಿ 2023ರ ಅಕ್ಟೋಬರ್ 31ರ ಹೊತ್ತಿಗೆ ಶೇ 55ರಷ್ಟು ಪ್ರಕರಣಗಳು ಇತ್ಯರ್ಥವಾಗದೆ ಉಳಿದಿದ್ದವು ಎನ್ನುತ್ತದೆ ಅದು. ಒಡಿಶಾದಲ್ಲಿ ಬಾಕಿ ಪ್ರಮಾಣ ಶೇ 83. ಕರ್ನಾಟಕದಲ್ಲಿ ಶೇ 35, ಅಂದರೆ ಅಧ್ಯಯನ ಲೆಕ್ಕ ಹಾಕಿದ ರಾಜ್ಯಗಳಲ್ಲೇ ಅತಿ ಕಡಿಮೆ. ಇದನ್ನು ಓದಿದವರಿಗೆ ನಮ್ಮ ರಾಜ್ಯದಲ್ಲಿ ಎಲ್ಲವೂ ಸರಿಯಿದೆ ಎನ್ನಿಸುವುದು ಸಹಜ. ಆದರೆ ಅದೇ ಓದುಗರು ‘ವೀಕ್ಷಣಾಲಯದಿಂದ ಬಾಲಕರು ಪರಾರಿ’ ಎಂಬ ಸುದ್ದಿಯನ್ನೂ ಆಗಾಗ ನೋಡುತ್ತಾರೆ. ವಿಚಾರಣೆ ನಡೆಯುವಾಗ ಇಂಥ ಮಕ್ಕಳನ್ನು ಇಡುವ ಗೃಹವೇ ವೀಕ್ಷಣಾಲಯ. ಸಿಬ್ಬಂದಿ ಇಲ್ಲ, ಆಪ್ತ ಸಮಾಲೋಚಕರಿಲ್ಲ ಎಂಬ ದೂರುಗಳನ್ನೂ ಕೇಳುತ್ತಾರೆ. ಇವೆರಡರಲ್ಲಿ ನಿಜ ಯಾವುದು?

ಎರಡೂ ನಿಜ ಇರಬಹುದು. ಏಕೆಂದರೆ ಎರಡೂ ಅಳೆಯುವುದು ಬೇರೆ ಬೇರೆ ಸಂಗತಿಗಳನ್ನು.

ಬಾಕಿ ಪ್ರಮಾಣ ಹೇಳದಿರುವುದು

ಬಾಕಿ ಪ್ರಮಾಣ ಎಣಿಸುವುದು ಕಡತಗಳನ್ನು. ಮಂಡಳಿಯ ಮುಂದೆ ಬಂದ ನೂರು ಪ್ರಕರಣಗಳಲ್ಲಿ ಎಷ್ಟು ಮುಗಿದವು, ಎಷ್ಟು ಉಳಿದವು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಆ ಅವಧಿಯಲ್ಲಿ ಹುಡುಗ ಎಲ್ಲಿದ್ದ, ಮನೆಯಲ್ಲೋ ವೀಕ್ಷಣಾಲಯದಲ್ಲೋ, ಅಲ್ಲಿ ಅವನ ಓದು ಮುಂದುವರಿಯಿತೇ, ಅವನ ಜೊತೆ ಯಾರಾದರೂ ಕೂತು ಮಾತಾಡಿದರೇ, ಹೊರಬಂದ ಮೇಲೆ ಅವನನ್ನು ಯಾರಾದರೂ ಹುಡುಕಿಕೊಂಡು ಹೋದರೇ ಎಂಬುದು ಆ ಅಂಕಿಯಲ್ಲಿ ಇಲ್ಲ. ಬೇಗ ಇತ್ಯರ್ಥವಾಗುವುದು ಒಳ್ಳೆಯದೇ. ಕರ್ನಾಟಕದ ಮಂಡಳಿಗಳಿಗೆ ಅದರ ಶ್ರೇಯ ಸಲ್ಲಬೇಕು. ಆದರೆ ಬಾಲ ನ್ಯಾಯ ಕಾಯ್ದೆ ಇರುವುದು ಮಗು ಬದಲಾಗಲಿ ಎಂದು. ಆ ಕೆಲಸ ನಡೆಯುವುದು ಮಂಡಳಿಯ ಕೊಠಡಿಯಾಚೆ, ಸರ್ಕಾರದ ಸಂಬಳ ಶ್ರೇಣಿಯಲ್ಲಿ ತೀರಾ ಕೆಳಗಿರುವವರ ಕೈಯಲ್ಲಿ.

ಆ ತಂಡಕ್ಕೆ ಮಾಹಿತಿ ಸಿಕ್ಕಿದ ರೀತಿಯನ್ನೂ ಗಮನಿಸಬೇಕು. ಸಾಮಾನ್ಯ ನ್ಯಾಯಾಲಯಗಳ ಬಾಕಿ ಪ್ರಕರಣಗಳನ್ನು ಯಾರು ಬೇಕಾದರೂ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ನೋಡಬಹುದು. ಬಾಲ ನ್ಯಾಯ ಮಂಡಳಿಗಳಿಗೆ ಅಂಥ ಸಾರ್ವಜನಿಕ ವ್ಯವಸ್ಥೆಯೇ ಇಲ್ಲ. ಹಾಗಾಗಿ ಅವರು ಮಾಹಿತಿ ಹಕ್ಕಿನಡಿ ರಾಜ್ಯಗಳಿಗೆ ಅರ್ಜಿ ಹಾಕಬೇಕಾಯಿತು. ಬಂದ ಉತ್ತರಗಳಲ್ಲಿ ಪೂರ್ತಿ ಮಾಹಿತಿ ಇದ್ದದ್ದು ಶೇ 36ರಲ್ಲಿ ಮಾತ್ರ. ಮಕ್ಕಳ ಗುರುತು ಗುಟ್ಟಾಗಿರಬೇಕು ಎಂದು ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ, ಅದು ಸರಿ. ಆದರೆ ಎಷ್ಟು ಹುದ್ದೆ ಖಾಲಿ ಇವೆ ಎಂಬುದು ಯಾವ ಮಗುವಿನ ಗುಟ್ಟೂ ಅಲ್ಲ.

ಕಾನೂನು ಕೊಟ್ಟ ಮಾತು

2012ರ ದೆಹಲಿಯ ಅತ್ಯಾಚಾರ ಪ್ರಕರಣದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಮೂರು ವರ್ಷದ ಅವಧಿ ಮುಗಿಸಿ 2015ರ ಡಿಸೆಂಬರ್‌ನಲ್ಲಿ ಅವನು ಹೊರಬಂದಾಗ ದೇಶದಲ್ಲಿ ಎದ್ದ ಸಿಟ್ಟಿನ ನಡುವೆಯೇ ಹೊಸ ಬಾಲ ನ್ಯಾಯ ಕಾಯ್ದೆಗೆ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. 2016ರ ಜನವರಿ 15ರಿಂದ ಅದು ಜಾರಿಗೆ ಬಂತು. ಅದರ ದೊಡ್ಡ ಬದಲಾವಣೆ ಎಂದರೆ, ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಘೋರ ಅಪರಾಧದ ಆರೋಪ ಹೊತ್ತ 16ರಿಂದ 18 ವರ್ಷದವರನ್ನು, ಪ್ರಾಥಮಿಕ ಮೌಲ್ಯಮಾಪನದ ನಂತರ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ.

ಸಾರ್ವಜನಿಕ ಚರ್ಚೆ ಇದೊಂದೇ ಅಂಶಕ್ಕೆ ಅಂಟಿಕೊಂಡಿದೆ. ಕಾಯ್ದೆಯ ಉಳಿದ ಭಾಗ ಸರ್ಕಾರದ ಹೆಗಲ ಮೇಲೆ ಹೊರಿಸಿರುವ ಕೆಲಸಗಳು ಹೆಚ್ಚಿನವರಿಗೆ ಗೊತ್ತಿಲ್ಲ. ಹಿಡಿದ 24 ಗಂಟೆಯೊಳಗೆ ಮಗುವನ್ನು ಮಂಡಳಿಯ ಮುಂದೆ ತರಬೇಕು. ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಅಪರಾಧ ಜಾಮೀನಿಗೆ ಅರ್ಹವೋ ಅಲ್ಲವೋ ಎಂಬುದನ್ನು ಲೆಕ್ಕಿಸದೆ ಸಾಮಾನ್ಯವಾಗಿ ಜಾಮೀನು ಕೊಡಬೇಕು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಸಣ್ಣ ಅಪರಾಧವಾಗಿದ್ದು ಆಗಲೂ ಮುಗಿಯದಿದ್ದರೆ ಪ್ರಕರಣವನ್ನೇ ಕೈಬಿಡಬೇಕು. ವಯಸ್ಕರಂತೆ ವಿಚಾರಣೆಗೆ ಒಳಪಡದ ಮಗುವನ್ನು ವಿಶೇಷ ಗೃಹದಲ್ಲಿ ಇಡಬಹುದಾದ ಗರಿಷ್ಠ ಅವಧಿ ಮೂರು ವರ್ಷ.

ದೇಶದ ಅಪರಾಧಗಳಲ್ಲಿ ಮಕ್ಕಳ ಪಾಲು ದೊಡ್ಡದು ಎಂಬುದು ಒಂದು ತಪ್ಪು ಕಲ್ಪನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಅಪ್ರಾಪ್ತರ ವಿರುದ್ಧ ದಾಖಲಾದ ಪ್ರಕರಣಗಳು 30,555. ಆ ವರ್ಷ ದೇಶದಲ್ಲಿ ದಾಖಲಾದ ಒಟ್ಟು ಅಪರಾಧಗಳು 58 ಲಕ್ಷಕ್ಕೂ ಹೆಚ್ಚು. ಹಾಗೆಂದರೆ ಅಪ್ರಾಪ್ತರ ಪಾಲು ಸುಮಾರು ಶೇ 0.5. ಇಷ್ಟು ಚಿಕ್ಕ ಸಂಖ್ಯೆಯ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುವುದು ಸರ್ಕಾರಕ್ಕೆ ಕೈಮೀರಿದ ಕೆಲಸವಲ್ಲ.

ನೂರು ಮಕ್ಕಳಿಗೆ ನಾಲ್ಕು ಜನ

ಜನ ಈಗಲೂ ರಿಮ್ಯಾಂಡ್ ಹೋಮ್ ಎಂದೇ ಕರೆಯುವ ವೀಕ್ಷಣಾಲಯದಲ್ಲಿ ಎಷ್ಟು ಸಿಬ್ಬಂದಿ ಇರಬೇಕು? 2016ರ ಕೇಂದ್ರ ಮಾದರಿ ನಿಯಮಗಳಲ್ಲಿ ನೂರು ಮಕ್ಕಳ ಸಂಸ್ಥೆಗೆ ಒಂದು ಸಿಬ್ಬಂದಿ ಪಟ್ಟಿ ಇದೆ. ಒಬ್ಬ ಅಧೀಕ್ಷಕರು, ಇಬ್ಬರು ಆಪ್ತ ಸಮಾಲೋಚಕರು ಅಥವಾ ಮನೋತಜ್ಞರು, ನಾಲ್ವರು ಗೃಹಪಿತರು ಅಥವಾ ಗೃಹಮಾತೆಯರು, ಒಬ್ಬ ನರ್ಸ್, ಕರೆದಾಗ ಬರುವ ವೈದ್ಯರು, ಅಡುಗೆಯವರು, ಸಹಾಯಕರು ಹೀಗೆ ಸಾಗುತ್ತದೆ. ಶಿಕ್ಷಕರು, ಯೋಗ ಮತ್ತು ಕಲೆ-ಕರಕುಶಲ ಹೇಳಿಕೊಡುವವರು ಅರೆಕಾಲಿಕ.

ಇದರಲ್ಲಿ ಮಕ್ಕಳ ಜೊತೆ ಹಗಲೂ ರಾತ್ರಿ ಇರಬೇಕಾದವರು ಗೃಹಪಿತರು. ಮಲಗುವ ಕೋಣೆ, ಸ್ನಾನ, ಊಟದ ಸಾಲು, ಜಗಳ, ಜ್ವರ, ಅಳು ಎಲ್ಲಕ್ಕೂ ಅವರೇ. ನಾಲ್ವರು ಎಂದರೆ ಕಾಗದದ ಮೇಲೆ ಪರವಾಗಿಲ್ಲ ಎನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ, ಒಂದು ಜಾಗದಲ್ಲಿ ಸದಾ ಒಬ್ಬರು ಇರಬೇಕಾದರೆ ಮೂರೂವರೆ ಜನ ಬೇಕು. ರಜೆ, ಕಾಯಿಲೆ, ಮಗುವನ್ನು ಆಸ್ಪತ್ರೆಗೆ ಅಥವಾ ಮಂಡಳಿಗೆ ಕರೆದುಕೊಂಡು ಹೋಗುವ ದಿನ ಸೇರಿಸಿದರೆ ನಾಲ್ಕು. ಎಂದರೆ ಎಲ್ಲ ಹುದ್ದೆ ಭರ್ತಿಯಾಗಿ, ಯಾರೂ ಗೈರಾಗದಿದ್ದರೂ, ನೂರು ಮಕ್ಕಳಿಗೆ ಒಂದು ಹೊತ್ತಿನಲ್ಲಿ ಸಿಗುವುದು ಒಬ್ಬ ಗೃಹಪಿತ. ಒಂದು ಹುದ್ದೆ ಖಾಲಿಯಾದರೆ ಯಾವುದೋ ಒಂದು ಪಾಳಿಯಲ್ಲಿ ಯಾರೂ ಇರುವುದಿಲ್ಲ. ಖಾಲಿ ಹುದ್ದೆಗಳ ಬಗ್ಗೆ ನಾವು ಮಾತಾಡುತ್ತೇವೆ. ತುಂಬಿದ ಹುದ್ದೆಗಳೂ ಸಾಲದು ಎಂಬುದನ್ನು ಮರೆಯುತ್ತೇವೆ.

ಒಂದು ರಾತ್ರಿಯನ್ನು ಕಲ್ಪಿಸಿಕೊಂಡರೆ ಇದರ ಪರಿಣಾಮ ತಿಳಿಯುತ್ತದೆ. ಏಳೂವರೆಗೆ ಊಟ, ಆಮೇಲೆ ತಲೆ ಎಣಿಕೆ, ಕೋಣೆಗಳಿಗೆ ಬೀಗ. ಒಂದು ಕೋಣೆಯಲ್ಲಿ ಮೊಬೈಲ್ ಕದ್ದ ಆರೋಪದ ಹದಿನಾಲ್ಕರ ಹುಡುಗ, ಪಕ್ಕದ ಹಾಸಿಗೆಯಲ್ಲಿ ಹೊಡೆದಾಟದ ಪ್ರಕರಣದಲ್ಲಿ ಬಂದ ಹದಿನೇಳರವನು. ಮೂಲೆಯಲ್ಲಿ ಮೊನ್ನೆಯಷ್ಟೇ ಬಂದವನಿಗೆ ಗಾಂಜಾ ನಿಂತದ್ದರಿಂದ ನಿದ್ದೆಯಿಲ್ಲ, ಬೆವರು, ಸಿಡಿಮಿಡಿ. ನರ್ಸ್ ಹಗಲಿನವರು, ಸಂಜೆಯೇ ಹೋಗಿದ್ದಾರೆ. ವೈದ್ಯರು ಫೋನಿನಲ್ಲಿ. ಗೃಹಪಿತ ಒಬ್ಬರೇ, ಕೋಣೆಗಳು ಹಲವು. ಅವರು ಏನು ಮಾಡುತ್ತಾರೆ? ದೊಡ್ಡ ಹುಡುಗರಲ್ಲಿ ಮಾತು ನಡೆಯುವವನೊಬ್ಬನನ್ನು ‘ಲೀಡರ್’ ಮಾಡಿ, ಕೋಣೆಯನ್ನು ಅವನಿಗೆ ಒಪ್ಪಿಸುತ್ತಾರೆ. ಕೆಟ್ಟ ಉದ್ದೇಶದಿಂದ ಅಲ್ಲ, ಬೇರೆ ದಾರಿ ಇಲ್ಲದೆ. ಆ ಕ್ಷಣದಿಂದ ಆ ಕೋಣೆಯಲ್ಲಿ ನಡೆಯುವುದು ಸರ್ಕಾರದ ಆಡಳಿತ ಅಲ್ಲ. ಚಿಕ್ಕವನ ಊಟದ ಪಾಲು, ಹೊದಿಕೆ, ಕೊನೆಗೆ ಅವನ ಮೈ ಕೂಡ ಆ ‘ಲೀಡರ್’ ಇಷ್ಟಕ್ಕೆ ಬಿಟ್ಟದ್ದು.

ಇಲ್ಲಿಂದ ಒಂದರ ಹಿಂದೆ ಒಂದು ಬರುತ್ತದೆ. ಜನ ಸಾಲದೆ ಮಕ್ಕಳನ್ನು ಮೈದಾನಕ್ಕೆ ಬಿಡುವುದು ಕಡಿಮೆಯಾಗುತ್ತದೆ, ಒಳಗೇ ಕೂರಿಸಿದ ಹುಡುಗರಲ್ಲಿ ಜಗಳ ಹೆಚ್ಚುತ್ತದೆ, ಪೆಟ್ಟು ತಿಂದವನು ಗೋಡೆ ಹಾರುತ್ತಾನೆ. ಅವನು ಪರಾರಿಯಾದರೆ ಅಮಾನತಾಗುವವರು ಆ ಪಾಳಿಯ ಸಿಬ್ಬಂದಿ. ಹಾಗಾಗಿ ಉಳಿದವರು ಇನ್ನಷ್ಟು ಬೀಗ ಹಾಕುತ್ತಾರೆ, ಬೇರೆ ಕೆಲಸ ಸಿಕ್ಕವರು ಬಿಟ್ಟು ಹೋಗುತ್ತಾರೆ. ಸಂಸ್ಥೆಯ ನೌಕರರು ಮಗುವಿನ ಮೇಲೆ ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು 75ನೇ ಸೆಕ್ಷನ್ ಹೇಳುತ್ತದೆ. ಅದು ಇರಲೇಬೇಕು. ಆದರೆ ನೂರು ಮಕ್ಕಳ ನಡುವೆ ಒಬ್ಬರನ್ನೇ ನಿಲ್ಲಿಸಿದವರಿಗೆ ಯಾವ ಸೆಕ್ಷನ್ ಅನ್ವಯಿಸುತ್ತದೆ?

ಎರಡು ವಾರದ ವರದಿ

ಗೃಹಪಿತನಷ್ಟೇ ಮುಖ್ಯವಾದ ಇನ್ನೊಬ್ಬರು ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್). ಮಗುವನ್ನು ಹಿಡಿದ ಕೂಡಲೇ ಪೊಲೀಸರು ಇವರಿಗೆ ತಿಳಿಸಬೇಕು. ಇವರು ಎರಡು ವಾರದೊಳಗೆ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ನಿಯಮಗಳಲ್ಲಿ ಇದಕ್ಕೆ ನಮೂನೆ 6 ಇದೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಆದಾಯ ಎಷ್ಟು, ಹುಡುಗ ಶಾಲೆ ಬಿಟ್ಟದ್ದು ಯಾವಾಗ, ಏಕೆ, ಕೆಲಸಕ್ಕೆ ಹೋಗುತ್ತಿದ್ದನೇ, ಗೆಳೆಯರು ಯಾರು, ಚಟ ಇದೆಯೇ, ಮನೆಯಲ್ಲಿ ಹೊಡೆತ ಇತ್ತೇ ಎಂದೆಲ್ಲ ಅದು ಕೇಳುತ್ತದೆ. ಪೊಲೀಸರ ಕಡತ ಹುಡುಗ ಮಾಡಿದ್ದೇನು ಎಂದು ಹೇಳಿದರೆ, ಹುಡುಗ ಯಾರು ಎಂದು ಹೇಳುವುದು ಈ ವರದಿ.

ಈ ನಮೂನೆಯನ್ನು ಪ್ರಾಮಾಣಿಕವಾಗಿ ತುಂಬಿಸಲು ಎಷ್ಟು ಓಡಾಟ ಬೇಕು ಎಂದು ನೋಡೋಣ. ಹುಡುಗ ಸಿಕ್ಕಿಬಿದ್ದದ್ದು ಬೆಂಗಳೂರಿನಲ್ಲಿ. ಅಪ್ಪ ಅಮ್ಮ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಶೆಡ್ಡಿನಲ್ಲಿ ವಾಸ. ಪರಿವೀಕ್ಷಣಾಧಿಕಾರಿ ಹೋಗುವ ಹೊತ್ತಿಗೆ ಅಲ್ಲಿ ಕೆಲಸ ಮುಗಿದು, ಅವರು ಬೇರೆ ಸೈಟಿಗೆ ಹೋಗಿದ್ದಾರೆ. ಹುಡುಗ ಓದಿದ ಶಾಲೆ ಊರಿನಲ್ಲಿದೆ, ಐದನೇ ತರಗತಿಗೆ ಬಿಟ್ಟದ್ದು. ಊರಿನಲ್ಲಿ ಇರುವುದು ಅಜ್ಜಿ. ಇದೆಲ್ಲ ಹುಡುಕಿ, ನೋಡಿ, ಮಾತಾಡಿ ಬರೆಯಬೇಕು. ಕೈಯಲ್ಲಿ ಹತ್ತಾರು ಪ್ರಕರಣ ಇರುವ ಒಬ್ಬರೇ ಅಧಿಕಾರಿ, ವಾಹನವಿಲ್ಲದೆ, ಎರಡು ವಾರದಲ್ಲಿ ಇದನ್ನು ಮಾಡುವುದು ಹೇಗೆ? ಆಗ ವರದಿ ತಡವಾಗುತ್ತದೆ. ಇಲ್ಲವೇ ‘ಬಡ ಕುಟುಂಬ, ಪೋಷಕರ ನಿಗಾ ಇಲ್ಲ, ಕೆಟ್ಟ ಸಹವಾಸ’ ಎಂಬ ಒಂದೇ ಮಾತು ಎಲ್ಲ ವರದಿಗಳಲ್ಲೂ ಕಾಣಿಸುತ್ತದೆ.

ಪೆಟ್ಟು ಬೀಳುವುದು ಮಗುವಿಗೆ. ‘ಕೆಟ್ಟ ಸಹವಾಸ’ ಎಂಬ ಸಾಲು ಜಾಮೀನು ನಿರಾಕರಿಸಲು ಕಾರಣವಾಗಬಹುದು, ಏಕೆಂದರೆ ಅಪರಾಧಿಗಳ ಒಡನಾಟಕ್ಕೆ ಬೀಳುವ ಸಾಧ್ಯತೆ ಇದ್ದರೆ ಮಂಡಳಿ ಜಾಮೀನು ಕೊಡದಿರಲು 12ನೇ ಸೆಕ್ಷನ್‌ನಲ್ಲೇ ಅವಕಾಶವಿದೆ. ಜಾಮೀನು ಸಿಕ್ಕರೂ ಕರೆದುಕೊಂಡು ಹೋಗಲು ಪೋಷಕರು ಬಾರದಿದ್ದರೆ ಹುಡುಗ ಒಳಗೇ ಉಳಿಯುತ್ತಾನೆ. ಹೀಗೆ ವೀಕ್ಷಣಾಲಯದಲ್ಲಿ ಉಳಿಯುವವರು ದೊಡ್ಡ ತಪ್ಪು ಮಾಡಿದವರೇ ಆಗಬೇಕೆಂದಿಲ್ಲ. ಬೆನ್ನಿಗೆ ಯಾರೂ ಇಲ್ಲದವರು ಉಳಿಯುತ್ತಾರೆ.

ಪರಿವೀಕ್ಷಣಾಧಿಕಾರಿಗಳ ಕೊರತೆ ಹೊಸ ಸುದ್ದಿಯಲ್ಲ. 2005ರಲ್ಲಿ ಸಂಪೂರ್ಣಾ ಬೆಹುರಾ ಎಂಬುವವರು ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 9ರಂದು ತೀರ್ಪು ಕೊಟ್ಟಿತು. ಮಂಡಳಿ ಮತ್ತು ಮಕ್ಕಳ ಕಲ್ಯಾಣ ಸಮಿತಿಗಳ ಖಾಲಿ ಹುದ್ದೆ ತುಂಬಿ, ಎಷ್ಟು ಪರಿವೀಕ್ಷಣಾಧಿಕಾರಿಗಳು ಬೇಕು ಎಂದು ಅಧ್ಯಯನ ಮಾಡಿಸಿ ಅಷ್ಟು ಜನರನ್ನು ನೇಮಿಸಿ ಎಂದು ಅದು ಹೇಳಿತು. ತೀರ್ಪು ಬರುವುದಕ್ಕೇ ಹದಿಮೂರು ವರ್ಷ ಹಿಡಿದಿತ್ತು. ಆಗ ಹುಟ್ಟಿದ ಮಗು ಅಷ್ಟರಲ್ಲಿ ಹೈಸ್ಕೂಲಿಗೆ ಬಂದಿತ್ತು.

ಮಂಡಳಿಯಲ್ಲೂ ಖಾಲಿ ಕುರ್ಚಿ

ಬಾಲ ನ್ಯಾಯ ಮಂಡಳಿ ಎಂದರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ನಾಲ್ಕರಲ್ಲಿ ಒಂದು ಮಂಡಳಿಗೆ ಪೂರ್ಣ ಪೀಠ ಇಲ್ಲ ಎಂದು ‘ಇಂಡಿಯಾ ಜಸ್ಟಿಸ್ ರಿಪೋರ್ಟ್’ ಅಧ್ಯಯನ ಹೇಳಿದೆ. ಒಬ್ಬರು ಗೈರಾದರೂ ಮಂಡಳಿ ಕೆಲಸ ಮಾಡಬಹುದು. ಆದರೆ ಅಂತಿಮ ಆದೇಶಕ್ಕೆ ಮ್ಯಾಜಿಸ್ಟ್ರೇಟ್ ಸೇರಿ ಕನಿಷ್ಠ ಇಬ್ಬರು ಬೇಕೇ ಬೇಕು. ಒಂದು ಸ್ಥಾನ ಖಾಲಿಯಿದ್ದು, ಇನ್ನೊಬ್ಬ ಸದಸ್ಯರಿಗೆ ಹುಷಾರಿಲ್ಲ ಎಂದರೆ ಆ ದಿನ ಯಾವ ಮಗುವಿನ ಪ್ರಕರಣವೂ ಮುಗಿಯುವುದಿಲ್ಲ, ಮುಂದಿನ ದಿನಾಂಕ ಬೀಳುತ್ತದೆ.

2024ರ ಮೇ ತಿಂಗಳ ಪುಣೆಯ ಕಾರು ಅಪಘಾತ ಪ್ರಕರಣ ನೆನಪಿರಬಹುದು. ಇಬ್ಬರು ಯುವ ಎಂಜಿನಿಯರುಗಳ ಸಾವಿಗೆ ಕಾರಣನಾದ ಆರೋಪದ ಹುಡುಗನಿಗೆ 300 ಪದದ ಪ್ರಬಂಧ ಬರೆಯುವ ಷರತ್ತಿನೊಂದಿಗೆ ಜಾಮೀನು ಸಿಕ್ಕಿತು. ಜನ ಕಾನೂನನ್ನೇ ಬೈದರು. ಆ ದಿನ ಭಾನುವಾರ, ಆದೇಶ ಕೊಟ್ಟದ್ದು ಮಂಡಳಿಯ ಒಬ್ಬರೇ ಸದಸ್ಯರು ಎಂಬುದು ಹೆಚ್ಚು ಚರ್ಚೆಯಾಗಲಿಲ್ಲ. ಜನರ ಸಿಟ್ಟು ಏರಿದ ಮೇಲೆ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಲಾಯಿತು. ಅದು ಕಾನೂನುಬಾಹಿರ ಎಂದು ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಅವನನ್ನು ಬಿಡಿಸಿತು. ಮೊದಲು ಅತಿ ಸಡಿಲ, ಆಮೇಲೆ ಅತಿ ಬಿಗಿ. ತರಬೇತಾದ, ಪೂರ್ಣ ಪೀಠವುಳ್ಳ ಮಂಡಳಿ ಸಾವಧಾನದಿಂದ ನೋಡಿದ್ದರೆ ಎರಡನ್ನೂ ತಪ್ಪಿಸಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಮನೋತಜ್ಞರ ಕೊರತೆ ಇಲ್ಲಿ ಇನ್ನಷ್ಟು ಗಂಭೀರ. ಹದಿನಾರು ದಾಟಿದ ಹುಡುಗನನ್ನು ವಯಸ್ಕರಂತೆ ವಿಚಾರಣೆಗೆ ಕಳಿಸಬೇಕೇ ಎಂದು ನಿರ್ಧರಿಸುವ ಮೌಲ್ಯಮಾಪನ ಮೂರು ತಿಂಗಳಲ್ಲಿ ಮುಗಿಯಬೇಕು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಅಥವಾ ಮನೋವೈದ್ಯಕೀಯದ ಪದವಿ ಪಡೆದ ವೃತ್ತಿನಿರತರು ಇಲ್ಲದಿದ್ದರೆ ಅಂಥ ತಜ್ಞರ ನೆರವು ಪಡೆಯುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಸ್ಪಷ್ಟಪಡಿಸಿತು. ಒಬ್ಬ ಹುಡುಗನ ಇಡೀ ಬದುಕು ಈ ಒಂದು ವರದಿಯ ಮೇಲೆ ನಿಂತಿರುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿನ ಮಕ್ಕಳ ಮನೋವೈದ್ಯಕೀಯ ವಿಭಾಗದ ‘ಸಂವಾದ್’ ಯೋಜನೆ 2020ರಿಂದ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಲ್ಲಿ ದೇಶದ ಉದ್ದಗಲಕ್ಕೂ ಇಂಥ ತರಬೇತಿ ಕೊಡುತ್ತಿದೆ. ಆದರೆ ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ಇರುವ ಮಂಡಳಿಗೆ ಬೇಕಾದಾಗ ಸಿಗುವ ಮಕ್ಕಳ ಮನೋತಜ್ಞರು ಎಷ್ಟು ಮಂದಿ?

ನಿಗಾ ಇಡಬೇಕಾದ ವ್ಯವಸ್ಥೆಯೂ ಇದೇ ಕೊರತೆಯಿಂದ ಸೊರಗಿದೆ. ಮಂಡಳಿ ತಿಂಗಳಿಗೊಮ್ಮೆಯಾದರೂ ತನ್ನ ವ್ಯಾಪ್ತಿಯ ಗೃಹಗಳನ್ನು ತಪಾಸಣೆ ಮಾಡಬೇಕು. ಅದೇ ಅಧ್ಯಯನದ ಪ್ರಕಾರ ಹದಿನಾಲ್ಕು ರಾಜ್ಯಗಳು ಮತ್ತು ಜಮ್ಮು–ಕಾಶ್ಮೀರದ 166 ಗೃಹಗಳಲ್ಲಿ ವರ್ಷಕ್ಕೆ 1,992 ತಪಾಸಣೆ ಆಗಬೇಕಿತ್ತು, ಆದದ್ದು 810. ಸಂಜೆಯೊಳಗೆ ಕಡತ ಮುಗಿಸುವುದೇ ಕಷ್ಟವಾಗಿರುವ ಮಂಡಳಿ ಗೃಹಕ್ಕೆ ಹೋಗಿ ಮಕ್ಕಳನ್ನು ಪ್ರತ್ಯೇಕವಾಗಿ ಮಾತಾಡಿಸುವುದು ಯಾವಾಗ?

ಗೋಡೆಯೋ, ಜನರೋ?

ಪರಾರಿ, ಹೊಡೆದಾಟದಂಥ ಘಟನೆ ನಡೆದಾಗ ಮೊದಲು ಕೇಳುವುದು ಭದ್ರತೆಯ ಮಾತು: ಗೋಡೆ ಎತ್ತರಿಸಿ, ಸಿಸಿಟಿವಿ ಹಾಕಿ, ಗಾರ್ಡುಗಳನ್ನು ಹೆಚ್ಚಿಸಿ. ಈ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಒಳಗಿರುವ ಚಿಕ್ಕ ಮಕ್ಕಳ ರಕ್ಷಣೆಗೂ ಕ್ಯಾಮೆರಾ ಬೇಕು. ಹೊರಗಿನಿಂದ ಮಾದಕ ವಸ್ತು ಒಳಗೆ ಬರದಂತೆ ತಡೆಯಬೇಕು. ಸಂತ್ರಸ್ತರ ಕುಟುಂಬಕ್ಕೆ, ತಪ್ಪು ಮಾಡಿದವನು ತಪ್ಪಿಸಿಕೊಳ್ಳುವುದಿಲ್ಲ ಎಂಬ ನಂಬಿಕೆ ಇರಬೇಕು. ಆದರೆ ಕ್ಯಾಮೆರಾ ಜಗಳವನ್ನು ದಾಖಲಿಸುತ್ತದೆ, ಬಿಡಿಸುವುದಿಲ್ಲ. ಹೊರಗುತ್ತಿಗೆ ಏಜೆನ್ಸಿಯಿಂದ ಬಂದ ಗಾರ್ಡ್‌ಗೆ ಗೊತ್ತಿರುವುದು ಗೇಟು ಕಾಯುವ ಕೆಲಸ. ರಾತ್ರಿ ಎರಡು ಗಂಟೆಗೆ ಅಳುತ್ತಿರುವ ಹುಡುಗನ ಹತ್ತಿರ ಕೂರುವುದು ಹೇಗೆಂದು ಅವರಿಗೆ ಯಾರೂ ಕಲಿಸಿಲ್ಲ.

ಇನ್ನೊಂದು ವಾದ ಸ್ವಯಂಸೇವಾ ಸಂಸ್ಥೆಗಳದ್ದು. ಸರ್ಕಾರಕ್ಕೆ ಆಗದಿದ್ದರೆ ನಮಗೆ ಕೊಡಿ ಎನ್ನುತ್ತಾರೆ. ಸಮಾಲೋಚನೆ, ಕೌಶಲ ತರಬೇತಿಯಲ್ಲಿ ಹಲವು ಸಂಸ್ಥೆಗಳು ಮಾಡಿರುವ ಕೆಲಸ ದೊಡ್ಡದು. ಆದರೆ ಮಗುವಿನ ಸ್ವಾತಂತ್ರ್ಯ ಕಿತ್ತುಕೊಂಡಿರುವುದು ಸರ್ಕಾರ. ಅವನನ್ನು ನೋಡಿಕೊಳ್ಳುವ ಹೊಣೆಯನ್ನು ವರ್ಷದ ಒಪ್ಪಂದವೊಂದಕ್ಕೆ ದಾಟಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಮೂರನೆಯ ವಾದ ನನಗೆ ಹೆಚ್ಚು ಸರಿ ಎನ್ನಿಸುತ್ತದೆ: ಒಳಗೆ ಬರುವ ಮಕ್ಕಳನ್ನೇ ಕಡಿಮೆ ಮಾಡಿ. ಸಣ್ಣ ಪ್ರಕರಣಗಳಲ್ಲಿ ಎಚ್ಚರಿಕೆ, ಸಮಾಲೋಚನೆ, ಸಮುದಾಯ ಸೇವೆಗೆ ಕಾಯ್ದೆಯಲ್ಲೇ ಅವಕಾಶ ಇದೆ. ಮಕ್ಕಳು ಕಡಿಮೆಯಾದರೆ ಇರುವ ಸಿಬ್ಬಂದಿಯೇ ಹೆಚ್ಚು ಹೊತ್ತು ಕೊಡಬಹುದು. ಆದರೆ ಇದಕ್ಕೂ ಹೊರಗೆ ಮಗುವನ್ನು ಹಿಂಬಾಲಿಸುವ ಪರಿವೀಕ್ಷಣಾಧಿಕಾರಿ ಬೇಕು. ಸಿಬ್ಬಂದಿಯ ಪ್ರಶ್ನೆಯನ್ನು ಬದಿಗಿಟ್ಟು ಹೋಗುವ ದಾರಿ ಯಾವುದೂ ಇಲ್ಲ.

ಗುತ್ತಿಗೆಯವರು ಏಕೆ ನಿಲ್ಲುವುದಿಲ್ಲ

ಈ ವ್ಯವಸ್ಥೆಗೆ ಹಣ ಬರುವುದು ಮುಖ್ಯವಾಗಿ ಕೇಂದ್ರದ ಮಿಷನ್ ವಾತ್ಸಲ್ಯದಿಂದ. 2009–10ರಲ್ಲಿ ಆರಂಭವಾದ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯೇ ಹೆಸರು ಬದಲಿಸಿಕೊಂಡು ಇಲ್ಲಿಗೆ ಬಂದಿದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಖರ್ಚಿನ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ಯೋಜನೆಯ ಹುದ್ದೆಗಳು ಗುತ್ತಿಗೆ ಹುದ್ದೆಗಳು. ಯೋಜನೆಗೆ ಅವಧಿ ಇರುವುದರಿಂದ ಕಾಯಂ ಹುದ್ದೆ ಸೃಷ್ಟಿಸಲು ಹಣಕಾಸು ಇಲಾಖೆಗಳು ಹಿಂಜರಿಯುತ್ತವೆ. ಯೋಜನೆ ನಿಂತರೆ ಸಂಬಳದ ಹೊರೆ ರಾಜ್ಯದ ಮೇಲೆ ಬೀಳುತ್ತದೆ ಎಂಬುದು ಅವರ ಆತಂಕ, ಅದರಲ್ಲಿ ತರ್ಕ ಇದೆ.

ಆದರೆ ಅದರ ಬೆಲೆ ತೆರುವವರು ಮಕ್ಕಳು. ಎಂಎಸ್‌ಡಬ್ಲ್ಯು (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಯುವತಿಯೊಬ್ಬರು ಆಪ್ತ ಸಮಾಲೋಚಕಿಯಾಗಿ ಸೇರುತ್ತಾರೆ ಎನ್ನೋಣ. ಬಡ್ತಿ ಇಲ್ಲ, ಪಿಂಚಣಿ ಇಲ್ಲ, ಪ್ರತಿ ವರ್ಷ ನವೀಕರಣದ ಚಿಂತೆ. ಕೆಲಸ ಕಲಿಯಲು ಒಂದು ವರ್ಷ, ಮಕ್ಕಳ ನಂಬಿಕೆ ಗಳಿಸಲು ಇನ್ನೊಂದು. ಅಷ್ಟರಲ್ಲಿ ಹಾಸ್ಟೆಲ್ ವಾರ್ಡನ್ ಹುದ್ದೆಗೋ ಬೇರೆ ಇಲಾಖೆಗೋ ಪರೀಕ್ಷೆ ಬರೆದು ಹೊರಡುತ್ತಾರೆ, ಹೊರಡಲೇಬೇಕು. ನಿಮ್ಹಾನ್ಸ್ ಕೊಟ್ಟ ತರಬೇತಿಯೂ ಅವರ ಜೊತೆಗೇ ಹೋಗುತ್ತದೆ. ಮನೆಯಲ್ಲಿ ಒಬ್ಬರ ನಂತರ ಒಬ್ಬರು ಬಿಟ್ಟುಹೋದದ್ದನ್ನು ಕಂಡಿರುವ ಹುಡುಗ ಇಲ್ಲಿಯೂ ಅದನ್ನೇ ಕಾಣುತ್ತಾನೆ. ಮೂರನೆಯ ಸಮಾಲೋಚಕರು ಬಂದಾಗ ಅವನು ಬಾಯಿ ಬಿಡುವುದಿಲ್ಲ. ‘ಮಗು ಸಹಕರಿಸುತ್ತಿಲ್ಲ’ ಎಂದು ಕಡತದಲ್ಲಿ ದಾಖಲಾಗುತ್ತದೆ.

ಬೇರೆಡೆಯ ಎರಡು ಪಾಠ

ಹಣ ಇದ್ದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ ಎಂಬುದಕ್ಕೆ ಅಮೆರಿಕದ ಟೆಕ್ಸಸ್ ನೋಡಬಹುದು. 2022ರಲ್ಲಿ ಅಲ್ಲಿನ ಬಾಲ ನ್ಯಾಯ ಇಲಾಖೆಯಲ್ಲಿ ಸಿಬ್ಬಂದಿ ಎಷ್ಟು ಕುಸಿಯಿತೆಂದರೆ, ಮಕ್ಕಳನ್ನು ದಿನಕ್ಕೆ 23 ಗಂಟೆವರೆಗೂ ಕೋಣೆಯಲ್ಲೇ ಕೂಡಿಹಾಕಬೇಕಾಯಿತು. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿದರು. ಆ ಗೃಹಗಳಲ್ಲಿ ಮಕ್ಕಳ ಸಾಂವಿಧಾನಿಕ ಹಕ್ಕುಗಳ ಉಲ್ಲಂಘನೆ ಆಗುತ್ತಿದೆ ಎಂದು 2024ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯೇ ವರದಿ ಕೊಟ್ಟಿತು. ಅದೇ ದೇಶದ ಮಿಸೌರಿ ಬೇರೆ ದಾರಿ ಹಿಡಿದಿತ್ತು. 1983ರಲ್ಲಿ ಬೂನ್‌ವಿಲ್‌ನ ದೊಡ್ಡ ಗೃಹವನ್ನು ಮುಚ್ಚಿ, ರಾಜ್ಯದಾದ್ಯಂತ ಮನೆಗೆ ಹತ್ತಿರದ ಚಿಕ್ಕ ಗೃಹಗಳನ್ನು ಮಾಡಿತು. ಹತ್ತು ಹನ್ನೆರಡು ಮಕ್ಕಳ ಗುಂಪು, ಗಾರ್ಡುಗಳ ಬದಲು ಅವರ ಜೊತೆಗೇ ಇರುವ ತರಬೇತಾದ ಸಿಬ್ಬಂದಿ.

ಅಮೆರಿಕದ ಒಕ್ಕೂಟ ಸರ್ಕಾರದ ಮಾನದಂಡವೂ ಇದೆ. ಭದ್ರ ಬಾಲ ಗೃಹಗಳಲ್ಲಿ ಎಚ್ಚರವಿರುವ ಹೊತ್ತು ಎಂಟು ಮಕ್ಕಳಿಗೆ ಒಬ್ಬರು, ಮಲಗಿದಾಗ ಹದಿನಾರು ಮಕ್ಕಳಿಗೆ ಒಬ್ಬರು ಇರಬೇಕು. ಆ ಲೆಕ್ಕದಲ್ಲಿ ನೂರು ಮಕ್ಕಳಿಗೆ ಹಗಲು 13 ಜನ, ರಾತ್ರಿ 7 ಜನ ಒಂದೇ ಹೊತ್ತಿಗೆ ಇರಬೇಕು. ನಮ್ಮ ಮಾದರಿ ನಿಯಮದ ಗೃಹಪಿತರ ಲೆಕ್ಕ ಕೊಡುವುದು ಒಬ್ಬರನ್ನು. ಅಲ್ಲಿನ ಸಂಖ್ಯೆಯನ್ನೇ ತಂದು ಹಾಕಬೇಕೆಂದಲ್ಲ. ಆದರೆ ಮಂಜೂರಾದ ಹುದ್ದೆಗಳ ಬದಲು, ಯಾವುದೇ ಹೊತ್ತಿನಲ್ಲಿ ಎದುರಿಗೆ ಇರುವವರನ್ನು ಎಣಿಸುವ ಆ ಕ್ರಮ ಸರಿಯಾದದ್ದು.

ಎಲ್ಲಿಂದ ಶುರು ಮಾಡಬಹುದು

ಮಾದರಿ ನಿಯಮ ಕನಿಷ್ಠವನ್ನು ಸೂಚಿಸುತ್ತದೆ, ಅದಕ್ಕಿಂತ ಹೆಚ್ಚು ನೇಮಿಸಲು ರಾಜ್ಯಕ್ಕೆ ಅಡ್ಡಿ ಇಲ್ಲ. ಗೃಹಪಿತರನ್ನು ಪಾಳಿವಾರು ಲೆಕ್ಕ ಹಾಕಿ, ರಾತ್ರಿ ಪ್ರತಿ ಮಲಗುವ ಕೋಣೆಗೆ ಎಚ್ಚರವಿರುವ ಒಬ್ಬರು ಎಂಬುದನ್ನು ಕನಿಷ್ಠವಾಗಿ ಇಟ್ಟುಕೊಳ್ಳುವುದು ಮೊದಲ ಕೆಲಸ. ಪರಿವೀಕ್ಷಣಾಧಿಕಾರಿ ಮತ್ತು ಆಪ್ತ ಸಮಾಲೋಚಕರ ಹುದ್ದೆಗಳನ್ನು ಕಾಯಂ ಮಾಡಿ, ಬಡ್ತಿಯ ದಾರಿ ತೋರಿಸುವುದು ಅದರಷ್ಟೇ ತುರ್ತು. ಒಬ್ಬ ಪರಿವೀಕ್ಷಣಾಧಿಕಾರಿಯ ಕೈಯಲ್ಲಿ ಗರಿಷ್ಠ ಎಷ್ಟು ಮಕ್ಕಳಿರಬಹುದು ಎಂದು ಲಿಖಿತ ಮಿತಿ ಬೇಕು. ಜಿಲ್ಲೆ ದಾಟಿದ ಮನೆ ಭೇಟಿಗೆ ಆಯಾ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ನೆರವಾಗುವಂತೆ ವ್ಯವಸ್ಥೆ ಬೇಕು. ರಾಯಚೂರಿನ ಅಜ್ಜಿಯನ್ನು ಮಾತಾಡಿಸಲು ಬೆಂಗಳೂರಿನ ಅಧಿಕಾರಿಯೇ ಹೋಗಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಚಾರ ಬೇರೆಯದೇ ಗಮನ ಬೇಡುತ್ತದೆ. ಅವರ ಗೃಹದಲ್ಲಿ ಮಹಿಳಾ ಸಿಬ್ಬಂದಿಯೇ ಇರಬೇಕು ಎಂಬುದು ನಿಯಮ. ಅವರ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಗೃಹಗಳೂ ಕಡಿಮೆ. ಹಾಗಾಗಿ ಮನೆಯಿಂದ ಬಹಳ ದೂರ ಇರಬೇಕಾಗುತ್ತದೆ, ತಾಯಿ ನೋಡಲು ಬರುವುದೇ ಅಪರೂಪವಾಗುತ್ತದೆ.

ಹದಿನೆಂಟು ತುಂಬಿ ಹೊರಬಂದವರ ಬಗ್ಗೆಯೂ ಕಾಯ್ದೆ ಹೇಳುತ್ತದೆ. ಅನುಪಾಲನೆಯ, ಎಂದರೆ ಹೊರಬಂದ ಮೇಲೂ ನೆರವು ಪಡೆಯುವ ಅವಕಾಶ 21 ವರ್ಷದವರೆಗೆ ಇದೆ. ದಾಖಲೆ ಅವನ ಭವಿಷ್ಯಕ್ಕೆ ಅಡ್ಡಿಯಾಗಬಾರದು ಎಂಬ ರಕ್ಷಣೆಯೂ ಇದೆ. ಇದನ್ನು ಹುಡುಗನಿಗೆ ತಿಳಿಸುವವರು, ಬಾಡಿಗೆ ಕೋಣೆ ಹುಡುಕಿಕೊಡುವವರು, ಐಟಿಐಗೆ ಸೇರಿಸುವವರು ಯಾರು? ಅಲ್ಲಿಯೂ ಬರಬೇಕಾದವರು ಅದೇ ಪರಿವೀಕ್ಷಣಾಧಿಕಾರಿ.

ಮುಂದೆ ಗಮನಿಸಬೇಕಾದ್ದು

ಮಿಷನ್ ವಾತ್ಸಲ್ಯಕ್ಕೆ ಕೊಟ್ಟ ಮಂಜೂರಾತಿ 2025–26ರವರೆಗಿನದು. ಮುಂದಿನ ಐದು ವರ್ಷದ ಹಣಕಾಸು ಚೌಕಟ್ಟು 2026–27ರಿಂದ ಶುರುವಾಗುತ್ತದೆ. ಹುದ್ದೆಗಳ ಸಂಖ್ಯೆ, ಗೌರವಧನ, ಗುತ್ತಿಗೆಯ ಷರತ್ತು ಎಲ್ಲ ಮತ್ತೆ ಬರೆಯಲು ಇದೇ ಹೊತ್ತು. ರಾಜ್ಯಗಳು ಈಗ ಕೇಳದಿದ್ದರೆ ನೂರು ಮಕ್ಕಳಿಗೆ ನಾಲ್ಕು ಜನ ಎಂಬ ಲೆಕ್ಕವೇ ಇನ್ನೈದು ವರ್ಷ ಮುಂದುವರಿಯುತ್ತದೆ.

ರಾಜ್ಯದ ಮಟ್ಟದಲ್ಲಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಪ್ರತಿ ತಿಂಗಳು ಪ್ರತಿ ಗೃಹದ ಕುರಿತು ನಾಲ್ಕು ಸಂಗತಿ ಪ್ರಕಟಿಸಲು ಯಾವ ಹೊಸ ಕಾನೂನೂ ಬೇಕಿಲ್ಲ: ಮಂಜೂರಾದ ಮತ್ತು ಭರ್ತಿಯಾದ ಹುದ್ದೆ, ಪ್ರತಿ ಪಾಳಿಯಲ್ಲಿ ಇದ್ದ ಗೃಹಪಿತರು ಅಥವಾ ಗೃಹಮಾತೆಯರು, ಎರಡು ವಾರದೊಳಗೆ ಸಲ್ಲಿಕೆಯಾದ ಸಾಮಾಜಿಕ ತನಿಖಾ ವರದಿಗಳು, ಮಂಡಳಿ ನಡೆಸಿದ ತಪಾಸಣೆಗಳು. ಪ್ರಕರಣಗಳ ಬಾಕಿ ಕಡಿಮೆ ಇರುವ ನಮ್ಮ ರಾಜ್ಯ ಇದನ್ನು ಮೊದಲು ಮಾಡಬಹುದು. ಶಾಸಕರು ಅಧಿವೇಶನದಲ್ಲಿ ಕೇಳಬಹುದಾದ ಪ್ರಶ್ನೆಗಳೂ ಇವೇ ನಾಲ್ಕು.